ಅಂಗಡಿಯವರು ಫೋನ್ ಎತ್ತದಿದ್ದರೆ ವಾಯ್ಸ್ ಮೆಸೇಜ್ ಬಿಡುವುದು ಹೇಗೆ?

ಮಂಗಳೂರಿನ ಹಂಪನಕಟ್ಟೆಯ ಹತ್ತಿರ ನನ್ನ ಸ್ನೇಹಿತನದ್ದೊಂದು ಹಾರ್ಡ್‌ವೇರ್ ಅಂಗಡಿ ಉಂಟು. ಸಂಜೆ ಅಲ್ಲಿ ಹೋಗಿ ಕೂತರೆ ನನಗೆ ಪುಕ್ಕಟೆ ಮನರಂಜನೆ. ಯಾಕೆಂದರೆ ಅವನ ಫೋನಿಗೆ ದಿನಾ ನಾಲ್ಕೈದು ವಾಯ್ಸ್ ಮೆಸೇಜ್ ಬರುತ್ತವೆ. ವೆಬ್‌ಸೈಟ್ ಮಾಡಿಕೊಡುವವರು, ಸಿಸಿ ಕ್ಯಾಮೆರಾದವರು, ಜಿಎಸ್‌ಟಿ ಫೈಲ್ ಮಾಡುವವರು. ಎಲ್ಲರದ್ದೂ ಒಂದೇ ಶುರು: "ಹಲೋ ಸರ್, ಗುಡ್ ಈವ್ನಿಂಗ್ ಸರ್, ಹೇಗಿದ್ದೀರಿ ಸರ್?" ಅವನು "ಹೇಗಿದ್ದೀರಿ" ದಾಟಿ ಮುಂದೆ ಕೇಳಿದ್ದನ್ನು ನಾನು ನೋಡಿಲ್ಲ. ಡಿಲೀಟ್.

ಇನ್ವರ್ಟರ್, ಬೋರ್ಡ್ ಲೈಟ್ ರಿಪೇರಿಯ ಕೆಲಸ ಹಿಡಿಯಲು ನಾನೂ ವರ್ಷಗಟ್ಟಲೆ ಹೀಗೇ ಗುರುತಿಲ್ಲದವರಿಗೆ ಫೋನ್ ಮಾಡಿದವನು. ಡಿಲೀಟ್ ಆದದ್ದು ಎಷ್ಟೋ. ಹಾಗಾಗಿ ಈ ಲೇಖನ.

ಒಂದು ಮಾತು ಮೊದಲೇ ಹೇಳುತ್ತೇನೆ. ಬೀಪ್ ಆದ ಮೇಲೆ ಮಾತಾಡಿ ಎನ್ನುವ ವಾಯ್ಸ್‌ಮೇಲ್ ನಮ್ಮ ಕಡೆ ಬಳಕೆಗೆ ಬರಲೇ ಇಲ್ಲ. ವಾಟ್ಸ್ಆ್ಯಪ್ ವಾಯ್ಸ್ ಮೆಸೇಜೇ ನಮ್ಮ ವಾಯ್ಸ್‌ಮೇಲ್. ಕರೆ ಮಾಡಿ, ಎತ್ತದಿದ್ದರೆ ಅದನ್ನು ಬಿಡುವುದು.

1. ಫೋನಿಗಿಂತ ಮೊದಲು ಕಾಲು

ಮೊದಲು ಆ ರಸ್ತೆಯಲ್ಲಿ ಒಮ್ಮೆ ನಡೆದು ಬನ್ನಿ. ರಥಬೀದಿ ಇರಲಿ, ಕಂಕನಾಡಿ ಇರಲಿ, ಉಡುಪಿಯ ಕಲ್ಸಂಕ ಇರಲಿ. ಹತ್ತು ಅಂಗಡಿ ನೋಡಿ, ನಿಮ್ಮ ಕೆಲಸ ನಿಜವಾಗಿ ಬೇಕಾದ ಮೂರನ್ನು ಆರಿಸಿ. ಯಾರಿಗೆ ಎಂತ ಬೇಕು ಅಂತ ಒಂದು ಸಾಲು ಬರೆದುಕೊಳ್ಳಿ.

ದುಡ್ಡು ಕೊಟ್ಟರೆ ಸಾವಿರಾರು ನಂಬರಿನ ಪಟ್ಟಿ ಸಿಗುತ್ತದೆ. ದಯವಿಟ್ಟು ಬೇಡ. ನಾನು ಒಮ್ಮೆ ಕೊಂಡಿದ್ದೆ. ಅದರಲ್ಲಿ ಬಾಗಿಲು ಹಾಕಿ ಹೋದ ಅಂಗಡಿಗಳೇ ಜಾಸ್ತಿ. ಕಾನೂನಿನ ತಲೆನೋವು ಬೇರೆ. ಪ್ರಚಾರದ ಕರೆಗೆ ಟೆಲಿಕಾಂ ನಿಯಂತ್ರಣ ಪ್ರಾಧಿಕಾರ (ಟ್ರಾಯ್) 140ರಿಂದ ಶುರುವಾಗುವ ನಂಬರುಗಳನ್ನು ಇಟ್ಟಿದೆ. ಸಾಮಾನ್ಯ ಹತ್ತಂಕಿ ನಂಬರಿನಿಂದ ಸಾಲುಸಾಲಾಗಿ ಮಾರಾಟದ ಕರೆ ಮಾಡಿದರೆ ಜನ 1909ಕ್ಕೆ ದೂರು ಕೊಡಬಹುದು. 2025ರ ಫೆಬ್ರವರಿಯ ತಿದ್ದುಪಡಿಯ ನಂತರ ಹತ್ತು ದಿನದಲ್ಲಿ ಐದು ದೂರು ಬಂದರೂ ಕ್ರಮಕ್ಕೆ ಸಾಕು. ಮೊದಲ ಸಲ ಹೊರಹೋಗುವ ಕರೆ 15 ದಿನ ಬಂದ್, ಮತ್ತೆ ಮಾಡಿದರೆ ಒಂದು ವರ್ಷಕ್ಕೆ ನಂಬರೇ ಬಂದ್. ಗುರುತಿನವರೊಬ್ಬರ ಮೂಲಕ "ಫೋನ್ ಮಾಡ್ಲಿಕ್ಕೆ ಹೇಳು" ಅನ್ನಿಸಿಕೊಂಡು ಮಾಡಿದರೆ ಅತಿ ಒಳ್ಳೆಯದು.

2. ಹೊತ್ತು

ಬೆಳಿಗ್ಗೆ ಹನ್ನೊಂದೂಕಾಲು. ನನ್ನ ಅನುಭವದಲ್ಲಿ ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಮಧ್ಯಾಹ್ನ ಒಂದರಿಂದ ಮೂರು ಊಟ, ಮೇಲೊಂದು ಸಣ್ಣ ನಿದ್ದೆ. ಬಂದರಿನ ಅಂಗಡಿಗಳಿಗೆ ಶುಕ್ರವಾರ ಮಧ್ಯಾಹ್ನ ಬೇಡ, ಜುಮಾ ಇರುತ್ತದೆ. ಹಿಂದಿನ ರಾತ್ರಿ ಯಕ್ಷಗಾನದ ಆಟ ನೋಡಿ ಬಂದವರನ್ನು ಒಂಬತ್ತು ಗಂಟೆಗೆ ಎಬ್ಬಿಸಬೇಡಿ. ಮಲ್ಪೆಯ ಐಸ್ ಪ್ಲಾಂಟಿನವರ ಜೊತೆ ಸಮಾಧಾನದಲ್ಲಿ ಮಾತಾಡಬೇಕಾದರೆ ಜೂನ್ 1ರಿಂದ ಜುಲೈ 31ರ ಮೀನುಗಾರಿಕೆ ನಿಷೇಧದ ಸಮಯ ಸರಿ.

3. ಮೊದಲ ಹತ್ತು ಸೆಕೆಂಡು

ಎಲ್ಲರೂ ಎಡವುವುದು ಇಲ್ಲೇ.

ನಮ್ಮ ಊರಿನಲ್ಲಿ ಹೊಸಬರು ಸಿಕ್ಕಿದರೆ ಮೊದಲ ಪ್ರಶ್ನೆ ಎಂತ? "ನಿಮ್ಗೆ ಎಲ್ಲಿ ಆಯ್ತು?" ಅಂದರೆ ನಿಮ್ಮ ಊರು ಯಾವುದು ಅಂತ. ಹೆಸರು, ಕೆಲಸ ಎಲ್ಲ ಆಮೇಲೆ. ಆ ಪ್ರಶ್ನೆಗೆ ಉತ್ತರ ಸಿಗುವ ತನಕ ಕೇಳುವವನ ಕಿವಿ ಪೂರ್ತಿ ತೆರೆಯುವುದಿಲ್ಲ. ವಾಯ್ಸ್ ಮೆಸೇಜಿನಲ್ಲಿ ಅವನು ಕೇಳುವ ಹಾಗಿಲ್ಲ. ಹಾಗಾಗಿ ನೀವೇ ಹೇಳಬೇಕು. ಹೆಸರು, ಕೂಡಲೇ ಊರು. "ಮಂಗಳೂರಿನಿಂದ" ಸಾಲದು. "ಬಿಜೈ ಮಾರ್ಕೆಟಿನ ಹತ್ತಿರದವ" ಅನ್ನಿ. ಊರು ಹೇಳಿದ ಕೂಡಲೇ ನೀವು ಎಲ್ಲಿಯದ್ದೋ ಕಾಲ್ ಸೆಂಟರಿನ ಧ್ವನಿ ಅಲ್ಲ, ಹುಡುಕಿಕೊಂಡು ಹೋಗಬಹುದಾದ ಮನುಷ್ಯ ಆಗುತ್ತೀರಿ.

ಎರಡನೆಯ ವಾಕ್ಯ ಅವರ ಅಂಗಡಿಯದ್ದು, ನಿಮ್ಮದಲ್ಲ. ರಸ್ತೆಯಲ್ಲಿ ನಡೆದು ಬರೆದುಕೊಂಡ ಸಾಲು ಬೇಕಾಗುವುದು ಈಗ. ನಾನು ಬಿಡುತ್ತಿದ್ದ ಮೆಸೇಜ್ ಹೀಗಿರುತ್ತಿತ್ತು:

"ನಮಸ್ಕಾರ ಸಾರ್, ನಾನು ಇಂಥವ, ಬಿಜೈ ಮಾರ್ಕೆಟಿನ ಹತ್ತಿರದವ. ನಿನ್ನೆ ರಾತ್ರಿ ನಿಮ್ಮ ಅಂಗಡಿ ಎದುರಿಂದ ಹೋದೆ, ಬೋರ್ಡಿನ ಎಡಗಡೆ ಲೈಟು ಉರಿಯುವುದಿಲ್ಲ. ನಾನು ಅದೇ ರಿಪೇರಿ ಕೆಲಸ ಮಾಡುವುದು. ನಾಡಿದ್ದು ಹನ್ನೊಂದು ಗಂಟೆಗೆ ಇನ್ನೊಮ್ಮೆ ಫೋನ್ ಮಾಡ್ತೇನೆ. ನನ್ನ ನಂಬರ್..."

ಇಷ್ಟೇ. ಇಪ್ಪತ್ತೈದು ಸೆಕೆಂಡು. ಪ್ಲೇ ಒತ್ತುವ ಮೊದಲೇ ಉದ್ದ ಎಷ್ಟು ಅಂತ ಅವರಿಗೆ ಕಾಣುತ್ತದೆ ಎನ್ನುವುದು ನೆನಪಿರಲಿ. ಒಂದು ನಿಮಿಷ ನಲವತ್ತೇಳು ಸೆಕೆಂಡು ಅಂತ ಕಂಡರೆ ಸ್ವಂತ ತಮ್ಮನ ಮೆಸೇಜನ್ನೂ ಯಾರೂ ಒತ್ತುವುದಿಲ್ಲ, ಮಾರಾಯ್ರೆ.

ಬೋರ್ಡು, ಲೈಟು ಅಂತ ಹೇಳಿದಿರಿ ಸರಿ, ಆದರೆ ನೆನಪಿಡಿ: ಅವರು ಇದನ್ನು ಕಿವಿಗೆ ಹಿಡಿದು ಕೇಳುವುದಿಲ್ಲ. ಫೋನ್ ಕೌಂಟರಿನ ಮೇಲೆ, ಸ್ಪೀಕರ್ ಆನ್, ಎದುರಿಗೆ ಮೂರು ಗಿರಾಕಿ. "ನಿಮ್ಮಲ್ಲಿ ಕಳ್ಳತನ ಆಯ್ತಂತೆ, ಕ್ಯಾಮೆರಾ ಹಾಕಿಸಿ" ಅಂತ ಒಬ್ಬ ಹುಡುಗ ಬಿಟ್ಟ ಮೆಸೇಜ್ ಹೀಗೇ ಅಂಗಡಿ ತುಂಬ ಕೇಳಿತು. ಯಜಮಾನರ ಮುಖ ನೋಡಬೇಕಿತ್ತು. ನಾಲ್ಕು ಜನರ ಎದುರು ಹೇಳಬಹುದಾದದ್ದನ್ನು ಮಾತ್ರ ಹೇಳಿ. ರೇಟಂತೂ ಬೇಡವೇ ಬೇಡ.

ಇನ್ನು ಭಾಷೆ. ನಿಮಗೆ ತುಳು, ಕೊಂಕಣಿ, ಬ್ಯಾರಿ ಮನೆಯಲ್ಲಿ ಆಡಿ ಬಂದದ್ದಾದರೆ ಧಾರಾಳ ಮಾತಾಡಿ, ಅರ್ಧ ಕೆಲಸ ಆದ ಹಾಗೆ. ಇಲ್ಲದಿದ್ದರೆ ಸುಮ್ನೆ ಕನ್ನಡದಲ್ಲೇ ಇರಿ. ಹೊರಗಿನಿಂದ ಬಂದ ಒಬ್ಬರು ಅರವತ್ತು ದಾಟಿದ ಯಜಮಾನರಿಗೆ "ಎಂಚ ಉಲ್ಲ?" ಅಂತ ಶುರು ಮಾಡಿದ್ದರು. ಅದು "ಹೇಗಿದ್ದೀಯ". ದೊಡ್ಡವರಿಗೆ "ಎಂಚ ಉಲ್ಲರ್" ಅನ್ನಬೇಕು. ಪಾಪ, ಪ್ರೀತಿಯಿಂದಲೇ ಹೇಳಿದ್ದು.

4. ನಂಬರ್ ಯಾಕೆ ಹೇಳಬೇಕು?

ವಾಟ್ಸ್ಆ್ಯಪಿನಲ್ಲಿ ನಂಬರ್ ಕಾಣುತ್ತದಲ್ಲ ಅಂತ ಬಿಟ್ಟುಬಿಡುತ್ತಾರೆ. ತಪ್ಪು. ಯಜಮಾನರು ಇಂಥದ್ದನ್ನೆಲ್ಲ ಮಗನಿಗೋ ಮ್ಯಾನೇಜರಿಗೋ ಫಾರ್ವರ್ಡ್ ಮಾಡುತ್ತಾರೆ. ಫಾರ್ವರ್ಡ್ ಆದ ಮೆಸೇಜಿನಲ್ಲಿ ಮೊದಲು ಕಳಿಸಿದವನ ಹೆಸರೂ ಇಲ್ಲ, ನಂಬರೂ ಇಲ್ಲ. ಧ್ವನಿ ಮಾತ್ರ. ಹಾಗಾಗಿ ಕೊನೆಗೆ ಐದೈದು ಅಂಕಿಯ ಹಾಗೆ ನಿಧಾನಕ್ಕೆ ಹೇಳಿ. "ಡಬಲ್", "ತ್ರಿಬಲ್" ಬೇಡ. ಬರೆದುಕೊಳ್ಳುವವರಿಗೆ ಅಲ್ಲಿ ತಪ್ಪುತ್ತದೆ.

5. ರೆಕಾರ್ಡಿಂಗ್

ಮೈಕ್ ಒತ್ತಿ ಮೇಲಕ್ಕೆ ಜಾರಿಸಿದರೆ ಲಾಕ್ ಆಗುತ್ತದೆ, ಕೈ ಬಿಡಬಹುದು. ಕಳಿಸುವ ಮೊದಲು ಒಮ್ಮೆ ಕೇಳಿ. ಜೂನಿನಲ್ಲಿ ಶೀಟಿನ ಮಾಡಿನ ಕೆಳಗೆ ನಿಂತು ಮಾತಾಡಿದರೆ ಮಳೆ ಬಿಟ್ಟು ಬೇರೆ ಎಂತದ್ದೂ ಕೇಳುವುದಿಲ್ಲ. ರಸ್ತೆ ಬದಿಯ ಅಗ್ಗದ ಬ್ಲೂಟೂತ್ ಇಯರ್‌ಫೋನಿಗಿಂತ ಫೋನಿನ ಮೈಕೇ ಸಾವಿರ ಪಾಲು ಮೇಲು. ಅಡ್ಡದಾರಿಯಾಗಿ ಒಂದೇ ಮೆಸೇಜನ್ನು ನೂರು ಜನರಿಗೆ ಕಳಿಸುವ ಸಾಫ್ಟ್‌ವೇರ್ ಮಾರುವವರಿದ್ದಾರೆ. ವಾಟ್ಸ್ಆ್ಯಪ್ ನಿಮ್ಮ ನಂಬರನ್ನೇ ಬ್ಯಾನ್ ಮಾಡಬಹುದು. ಬೋರ್ಡಿನ ಎಡಗಡೆ ಲೈಟು ನೂರು ಅಂಗಡಿಯಲ್ಲಿ ಕೆಟ್ಟಿರುವುದೂ ಇಲ್ಲ.

6. ಆಮೇಲೆ

ಹೇಳಿದ ದಿನ, ಹೇಳಿದ ಹೊತ್ತಿಗೆ ಫೋನ್ ಮಾಡಿ. 1928ರಲ್ಲಿ ಸಿಂಡಿಕೇಟ್ ಬ್ಯಾಂಕ್ ಉಡುಪಿಯಿಂದ ಶುರು ಮಾಡಿದ ಪಿಗ್ಮಿ ನೆನಪುಂಟಲ್ಲ? ದಿನಾ ಮನೆಗೆ, ಅಂಗಡಿಗೆ ಬಂದು ಚಿಲ್ಲರೆ ಉಳಿತಾಯ ಕಟ್ಟಿಸಿಕೊಂಡು ಹೋಗುವುದು. ನಮ್ಮ ಅಂಗಡಿಗೆ ಬರುತ್ತಿದ್ದ ಪಿಗ್ಮಿಯವರನ್ನು ನೋಡಿ ಗಡಿಯಾರ ಸರಿ ಮಾಡಬಹುದಿತ್ತು. ಅವರು ಎಂದೂ "ಹೇಗಿದ್ದೀರಿ" ಕೇಳಲಿಲ್ಲ, ಹೇಳಿದ ಹೊತ್ತಿಗೆ ಬಂದರು ಅಷ್ಟೇ.

ಎರಡನೆಯ ಸಲವೂ ಎತ್ತದಿದ್ದರೆ ಮತ್ತೊಂದು ವಾಯ್ಸ್ ಮೆಸೇಜ್ ಬೇಡ. ನೇರ ಹೋಗಿ ಒಮ್ಮೆ ಮುಖ ತೋರಿಸಿ. ಬೇಡ ಅಂದರೆ ಅಲ್ಲಿಗೇ ಬಿಡಿ.

ಉತ್ತರ ಬಂದರೆ ಅದರ ಅರ್ಥ ಗೊತ್ತಿರಬೇಕು. ಬರೀ "ನೋಡುವ" ಅಂದರೆ ಇಲ್ಲ ಅಂತ. ಹೆಬ್ಬೆರಳು ಎತ್ತಿದ ಚಿತ್ರ ಬಂದರೂ ಅದೇ. ಆದರೆ "ಆಟಿ ಕಳೀಲಿ, ನೋಡುವ" ಅಂದರೆ ಖುಷಿ ಪಡಿ. ಆಟಿ ಅಂದರೆ ತುಳು ತಿಂಗಳು, ಅದರಲ್ಲಿ ಹೊಸ ಕೆಲಸ ಶುರು ಮಾಡದವರು ನಿಮಗೆ ತಾರೀಕೇ ಕೊಟ್ಟಿದ್ದಾರೆ. ಆಗಸ್ಟ್ ಮಧ್ಯದಲ್ಲಿ ಆಟಿ ಮುಗಿದು ಮುಂದಿನ ತಿಂಗಳು ಸೋಣ ಶುರು. ಆ ವಾರಕ್ಕೆ ಫೋನಿನಲ್ಲಿ ಈಗಲೇ ರಿಮೈಂಡರ್ ಇಡಿ, ಹನ್ನೊಂದೂಕಾಲಕ್ಕೆ.