ಬಂಡೆ ಮೇಲೆ ಜೋಡಿ ಲಾಗರ್, ಪೂರ್ತಿ ಮಳೆಗಾಲ: ಗೋವಾದಲ್ಲಿ ನನ್ನ ಅನುಭವ

ಉಬ್ಬರ-ಇಳಿತದ ನಡುವಿನ ಬಂಡೆಗೆ ಐಬಟನ್ (ಉಷ್ಣತೆ ದಾಖಲಿಸುವ, ಗುಂಡಿಯಾಕಾರದ ಪುಟ್ಟ ಲಾಗರ್) ಕೂರಿಸಿ ಮಳೆಗಾಲ ದಾಟಿಸುತ್ತೇನೆ ಅಂದಾಗ ವಾಸ್ಕೋದಿಂದ ಕಾರವಾರದವರೆಗೆ ನಂಬಿದವರು ಕಡಿಮೆ. ಬಂಡೆ ಕೊರೆದುಕೊಟ್ಟ, ವಾಸ್ಕೋದ ಬೈನಾದಲ್ಲಿರುವ ವಿಜಯಪುರದ ಹುಡುಗರೂ "ಜೂನ್‌ನ್ಯಾಗ ಎಲ್ಲಾ ತೊಳ್ಕೊಂಡು ಹೋಗ್ತೈತ್ರಿ ಸರ" ಅಂದಿದ್ದರು. ಹೋಗಲಿಲ್ಲ.

ಮಳೆಗಾಲ ಪೂರ್ತಿ ಅಳೆಯುವ ಗುಟ್ಟು ಮೆಮೊರಿಯಲ್ಲಿದೆ. ನಾನು ಬಳಸುವ ಐಬಟನ್ ಡಿಎಸ್1922ಎಲ್‌ಗೆ 16 ಬಿಟ್‌ನಲ್ಲಿ 4096 ರೀಡಿಂಗ್ ಅಷ್ಟೇ ಹಿಡಿಸುತ್ತದೆ. ಅರ್ಧ ಗಂಟೆಗೊಂದರಂತೆ 85 ದಿನ; ಜೂನ್ 1ಕ್ಕೆ ಶುರು ಮಾಡಿದರೆ ಆಗಸ್ಟ್ ಕೊನೆಯ ವಾರ ಭರ್ತಿ, ಆ ಅಲೆಯಲ್ಲಿ ಬಂಡೆಗೆ ಇಳಿಯುವವರು ಯಾರು? 8 ಬಿಟ್‌ಗೆ ಬಂದರೆ ದಿನ ದುಪ್ಪಟ್ಟಾಗುತ್ತದೆ, ಆದರೆ 0.0625 ಡಿಗ್ರಿಯ ಹಂತ 0.5 ಆಗುತ್ತದೆ. ನಾನು ಒಂದೇ ಬಂಡೆಗೆ ಎರಡು ಲಾಗರ್ ಹಾಕಿ, ಎರಡನ್ನೂ ಗಂಟೆಗೊಂದಕ್ಕೆ ಇಟ್ಟು, ಎರಡನೆಯದನ್ನು ಅರ್ಧ ಗಂಟೆ ತಡವಾಗಿ ಶುರು ಮಾಡಿಸುತ್ತೇನೆ. ಹೆಣೆದರೆ ಅರ್ಧ ಗಂಟೆಯ ಸರಣಿ, 170 ದಿನ. ಒಂದು ಸತ್ತರೂ ಇನ್ನೊಂದರಲ್ಲಿ ಗಂಟೆಯ ಲೆಕ್ಕ ಉಳಿಯುತ್ತದೆ. ರೋಲ್‌ಓವರ್ ಆಫ್ ಇರಲೇಬೇಕು, ಇಲ್ಲದಿದ್ದರೆ ಹಳೆಯದರ ಮೇಲೆ ಹೊಸದು ಬರೆದುಕೊಂಡು ಹೋಗುತ್ತದೆ.

ಜೋಡಿಯ ನಡುವೆ 0.3 ಡಿಗ್ರಿ ವ್ಯತ್ಯಾಸವಿದ್ದರೂ ಗ್ರಾಫ್ ಗರಗಸವಾಗುತ್ತದೆ. ಆರ್‌ಓ ನೀರಿನ ಐಸ್ ಪುಡಿಮಾಡಿ, ಕಲಕುತ್ತಾ ಸೊನ್ನೆಯಲ್ಲಿ ಒಮ್ಮೆ, 40ರ ಆಸುಪಾಸಿನ ನೀರಿನಲ್ಲಿ ಇನ್ನೊಮ್ಮೆ ಅಳೆದು ತಿದ್ದುಪಡಿ ಬರೆದಿಟ್ಟುಕೊಳ್ಳಿ. ತೆಗೆದ ಮೇಲೂ ಅದೇ ಪರೀಕ್ಷೆ.

ಐಬಟನ್ ಮುಚ್ಚುವ ಎಪಾಕ್ಸಿ ರಾಳವನ್ನು ಒಂದೇ ಸಲ ದಪ್ಪವಾಗಿ ಸುರಿದರೆ ಗಟ್ಟಿಯಾಗುವಾಗ ಕಾಯುತ್ತದೆ. ಐಬಟನ್‌ನ ಮಿತಿ 85 ಡಿಗ್ರಿ. ತೆಳುವಾಗಿ ಎರಡು ಪದರ, ನಡುವೆ ಒಂದು ರಾತ್ರಿ. ಡೇಟಾ ಓದಿಸಿಕೊಳ್ಳುವ ಮುಖದ ಮೇಲೆ ಸಿಲಿಕೋನ್ ಮುಚ್ಚಳ. ಕಪ್ಪು ರಾಳ ಬಿಸಿಲಿಗೆ ಬಂಡೆಗಿಂತ ಹೆಚ್ಚು ಕಾಯುತ್ತದೆ, ಬಿಳಿಯದು ಕಡಿಮೆ. ಅದಕ್ಕೇ ರಾಳಕ್ಕೆ ಅದೇ ಬಂಡೆಯ ಪುಡಿ ಬೆರೆಸುತ್ತೇನೆ. ಎಷ್ಟು, ಯಾವ ಜರಡಿ ಎಂಬುದು ಸದ್ಯಕ್ಕೆ ನನ್ನಲ್ಲೇ ಇರಲಿ.

ಹಣ ಹೋದದ್ದು ಕೂರಿಸುವುದರಲ್ಲಿ. ಲಾಗರ್ ಒಂದಕ್ಕೆ ಆಗ ನಾಲ್ಕು ಸಾವಿರ ರೂಪಾಯಿಯ ಹತ್ತಿರ ಬಿದ್ದಿತ್ತು, ಕಳೆದುಹೋದವು ಸೇರಿದರೆ ಒಂದು ಒಳ್ಳೆಯ ಸೆಕೆಂಡ್‌ಹ್ಯಾಂಡ್ ಸ್ಕೂಟರ್ ಬರುತ್ತಿತ್ತು. ಜಿಐ ಸ್ಕ್ರೂ ತುಕ್ಕು ಹಿಡಿದು ಮುರಿದವು, ಜಿಪ್ ಟೈ ಬಿಸಿಲಿಗೆ ಸಿಡಿದವು. ಪಾಚಿ ಕೆರೆಯದೆ ಮೆತ್ತಿದ ಪುಟ್ಟಿ ಹಪ್ಪಳದಂತೆ ಎದ್ದುಬಂತು. ಚಿರೇಕಲ್ಲಿಗೆ (ಜಂಬಿಟ್ಟಿಗೆ) ಎಕ್ಸ್‌ಪಾನ್ಷನ್ ಬೋಲ್ಟ್ ಬೇಡವೇ ಬೇಡ, ಬಿಗಿದಷ್ಟೂ ಕಲ್ಲು ಉದುರುತ್ತದೆ. 8 ಎಂಎಂ ತೂತು, 60 ಎಂಎಂ ಆಳ, ಬ್ರಷ್ ಹಾಕಿ ಧೂಳು ಊದಿ, ಕೆಮಿಕಲ್ ಆಂಕರ್‌ನಲ್ಲಿ 6 ಎಂಎಂ ಸರಳು. ಸರಳು 316 ಸ್ಟೇನ್‌ಲೆಸ್ ಆಗಿರಬೇಕು. 304 ಉಪ್ಪುನೀರಿನಲ್ಲಿ ಚುಕ್ಕೆ ಚುಕ್ಕೆಯಾಗಿ ಕೊರೆದುಹೋಗುತ್ತದೆ. ಅಂಗಡಿಯವರು ಅಯಸ್ಕಾಂತ ತೋರಿಸಿ ಸಮಾಧಾನ ಹೇಳುತ್ತಾರೆ. ಎರಡಕ್ಕೂ ಸಾಮಾನ್ಯವಾಗಿ ಅಯಸ್ಕಾಂತ ಹಿಡಿಯುವುದಿಲ್ಲ, 316ರಲ್ಲಿ ಇದ್ದು 304ರಲ್ಲಿ ಇಲ್ಲದ ಮಾಲಿಬ್ಡಿನಮ್‌ನ ಪರೀಕ್ಷೆಯ ಹನಿ ಹಾಕಿಯೇ ಕೊಳ್ಳಿ.

ಲಾಗರ್‌ಗೆ ಕಲ್ವ (ಬಂಡೆಗೆ ಅಂಟುವ ಸಿಂಪಿ) ಹತ್ತದಿರಲೆಂದು ಸುತ್ತ ತಾಮ್ರದ ತಗಡು ಇಟ್ಟೂ ನೋಡಿದೆ. ಕಲ್ವ ಹತ್ತಲಿಲ್ಲ, ಪಕ್ಕದಲ್ಲಿ ಜೀವಿಗಳನ್ನು ಎಣಿಸುವ ಚೌಕದಲ್ಲಿ (ಕ್ವಾಡ್ರಾಟ್) ಬಾರ್ನಕಲ್ ಎಂಬ ಚಿಪ್ಪಿನ ಜೀವಿಗಳೂ ಹತ್ತಲಿಲ್ಲ! ರಾಳಕ್ಕೆ ಬ್ಯಾಡಗಿ ಮೆಣಸಿನ ಪುಡಿ ಹಾಕಿದ್ದರಿಂದ ಬಣ್ಣ ಕೆಂಪಾದದ್ದು ಬಿಟ್ಟರೆ ಏನೂ ಆಗಲಿಲ್ಲ. ಈಗ ಕೆರೆದು ತೆಗೆಯುತ್ತೇನೆ.

ಇನ್ನು ಡೇಟಾ. ಬೇರೆ ದೇಶದವರ ಸರಣಿಗಳ ಪಕ್ಕ ನಮ್ಮದು ಕೂರಬೇಕಾದರೆ ಕಡಲ ಜೀವಿಗಳ ಜಾಗತಿಕ ದತ್ತಾಂಶ ಜಾಲವಾದ ಒಬಿಸ್‌ನ ನಿಯಮಕ್ಕೆ ಬರಲೇಬೇಕು. ಭಾರತದ ದಾರಿ ಕೊಚ್ಚಿಯ ಸಿಎಂಎಲ್‌ಆರ್‌ಇ (ಸಾಗರ ಜೀವಸಂಪನ್ಮೂಲ ಕೇಂದ್ರ)ಯಲ್ಲಿರುವ ಇಂಡ್‌ಒಬಿಸ್. ಎಣಿಸಿದ ಜಾತಿಗಳ ಹೆಸರುಗಳನ್ನು ವರ್ಮ್ಸ್‌ (ಕಡಲ ಜೀವಿಗಳ ಹೆಸರಿನ ಜಾಗತಿಕ ಪಟ್ಟಿ) ಜೊತೆ ಹೊಂದಿಸಿ: ನಮ್ಮ ಹಳೆಯ ಪಟ್ಟಿಗಳ ಬಾರ್ನಕಲ್ ಬಲಾನಸ್ ಆಂಫಿಟ್ರೈಟ್ ಅಲ್ಲಿ ಆಂಫಿಬಲಾನಸ್ ಆಂಫಿಟ್ರೈಟ್. ಸಿಗದ ಜಾತಿಯನ್ನು 'ಇಲ್ಲ' ಎಂದೇ ಬರೆಯಬೇಕು, ಖಾಲಿ ಬಿಡಬಾರದು.

ಹೆಚ್ಚಿನವರು ಎಡವುವುದು ಉಷ್ಣತೆಯಲ್ಲಿ. ಟೆಂಪ್‌ಪಿಆರ್01 (TEMPPR01) ಎಂಬ ಕೋಡ್ ನೀರಿನ ಉಷ್ಣತೆಗೆ. ಇಳಿತದಲ್ಲಿ ಲಾಗರ್ ಅಳೆಯುವುದು ಬಿಸಿಲಿಗೆ ಬಿದ್ದ ಬಂಡೆಯನ್ನು. ಬಿಸಿಲಿನ ಹೊತ್ತಿನಲ್ಲಿ ನೀರು ಮುಟ್ಟಿದ ತಕ್ಷಣ ಗ್ರಾಫ್ ಧಡಕ್ಕನೆ ಬೀಳುತ್ತದೆ. ಅದನ್ನು ಮಾರ್ಮಗೋವಾದ ಟೈಡ್ ಟೇಬಲ್ ಜೊತೆ ಇಟ್ಟು, ಮುಳುಗಿದ ಹೊತ್ತನ್ನಷ್ಟೇ ಆ ಕೋಡ್‌ಗೆ ಕೊಡುತ್ತೇನೆ. ರಾತ್ರಿಯ ಇಳಿತಕ್ಕೆ ಈ ಗುರುತು ಮಸುಕು, ಅಲ್ಲಿ ಟೇಬಲ್ಲೇ ಗತಿ. ಮೋಡದ ದಿನಕ್ಕೆ ಇನ್ನೊಂದು ಉಪಾಯವಿದೆ, ಎದುರಿಗೆ ಸಿಕ್ಕಾಗ ಹೇಳುತ್ತೇನೆ.

ಸಮಯದ ಮುಂದೆ +05:30 ಇಲ್ಲದಿದ್ದರೆ ಯುಟಿಸಿ (ಗ್ರೀನ್‌ವಿಚ್ ಸಮಯ) ಎಂದುಕೊಂಡವರ ಪಾಲಿಗೆ ನಮ್ಮ ಮಧ್ಯಾಹ್ನ ಸಂಜೆಯಾಗುತ್ತದೆ. ಅಕ್ಷಾಂಶವನ್ನು ದಶಮಾಂಶದಲ್ಲಿ ಬರೆಯುವಾಗ 15 ಡಿಗ್ರಿ 27.5 ನಿಮಿಷವೆಂದರೆ 15.4583, 15.275 ಅಲ್ಲ. ಅಕ್ಷಾಂಶ-ರೇಖಾಂಶ ಅದಲುಬದಲಾದರೆ ದೋನಾ ಪಾವ್ಲಾದ ಬಂಡೆ ನಾರ್ವೆಯ ಉತ್ತರಕ್ಕೆ, ಬೇರ್ ಐಲ್ಯಾಂಡ್ ಹತ್ತಿರದ ಕಡಲಿಗೆ ಬೀಳುತ್ತದೆ. ಅದೂ ನೀರೇ ಆದ್ದರಿಂದ 'ನೆಲದ ಮೇಲಿದೆ' ಎನ್ನುವ ತಪಾಸಣೆಗೆ ಸಿಕ್ಕುವುದೇ ಇಲ್ಲ. ಕಳಿಸುವ ಮುನ್ನ ಬಿಂದುಗಳನ್ನು ನಕ್ಷೆಯ ಮೇಲೆ ಹಾಕಿ, ಕಣ್ಣಾರೆ ನೋಡಿ.