ಒಂದು ಬಟ್ಟಲಿಗೆ ಏಳು ಕೋಡು: ವಿದೇಶದ ಮನೆಸಾಮಾನಿಗೆ ಸುಂಕದ ಸಂಖ್ಯೆ ಹುಡುಕುವುದು ಹೇಗೆ?

ಪ್ಯಾಕಿಂಗ್ ಲಿಸ್ಟ್‌ನಲ್ಲಿ ಇದ್ದದ್ದು ಒಂದೇ ಸಾಲು: ‘ಅಡುಗೆಮನೆ ಸಾಮಾನು, 14 ರಟ್ಟಿನ ಪೆಟ್ಟಿಗೆ.’ ಬರೆದವರು ಮಾಟುಂಗಾದ ಒಬ್ಬ ಹೋಟೆಲ್ ಯಜಮಾನರ ಭಾವಮೈದ. ಓದಬೇಕಾದವನು ನಾನು, ಆಗ ಮುಂಬೈ ಫೋರ್ಟಿನಲ್ಲಿ, ಕಸ್ಟಮ್ಸ್‌ನಿಂದ ಸರಕು ಬಿಡಿಸಿಕೊಡುವ ಕ್ಲಿಯರಿಂಗ್ ಏಜೆಂಟರೊಬ್ಬರ ಆಫೀಸಿನಲ್ಲಿ ಹೊಸಬ. ನ್ಹಾವಾ ಶೇವಾ ಬಂದರಿನ ಆಚೆಯ ಕಂಟೇನರ್ ಗೋದಾಮಿನಲ್ಲಿ ಹದಿನಾಲ್ಕೂ ಪೆಟ್ಟಿಗೆ ಬಿಚ್ಚಿಸಿ, ಒಂದೊಂದು ಬಟ್ಟಲನ್ನೂ ಮಗುಚಿ ನೋಡಿ, ಮತ್ತೆ ಟೇಪು ಸುತ್ತುವಷ್ಟರಲ್ಲಿ ಮೂರು ದಿನದ ಡಿಮರೇಜ್, ಅಂದರೆ ಸರಕು ಬಿಡಿಸದೆ ಇಟ್ಟದ್ದಕ್ಕೆ ಕಟ್ಟುವ ಬಾಡಿಗೆ, ಏರಿತ್ತು. ತಪ್ಪು ನನ್ನದೇ. ಸಾಮಾನು ಹಡಗು ಹತ್ತುವ ಮೊದಲೇ ‘ಬಟ್ಟಲು ಯಾವುದರದು?’ ಎಂದು ಕೇಳಬೇಕಿತ್ತು.

ಕಸ್ಟಮ್ಸ್‌ನವರ ಕಣ್ಣಿಗೆ ಬಟ್ಟಲು ಅಂತ ಒಂದು ವಸ್ತುವೇ ಇಲ್ಲ. ಸ್ಟೀಲಿನದಾದರೆ 7323, ಅಲ್ಯೂಮಿನಿಯಮ್ಮಿನದು 7615, ಹಿತ್ತಾಳೆ ಅಥವಾ ತಾಮ್ರದ್ದು 7418, ಗಾಜಿನದು 7013, ಪಿಂಗಾಣಿಯದು 6911, ಪ್ಲಾಸ್ಟಿಕ್ಕಿನದು 3924, ಮರದ್ದು 4419. ಈ ಸಂಖ್ಯೆಗಳು ಬರುವುದು 1975ರ ಕಸ್ಟಮ್ಸ್ ಟ್ಯಾರಿಫ್ ಕಾಯ್ದೆಯ ಮೊದಲ ಅನುಸೂಚಿಯಿಂದ. ಅದರ ಬೆನ್ನೆಲುಬು 1988ರ ಜನವರಿ 1ರಂದು ಜಾರಿಗೆ ಬಂದ, ಸರಕುಗಳಿಗೆ ಸಂಖ್ಯೆ ಕೊಡುವ ಅಂತಾರಾಷ್ಟ್ರೀಯ ಎಚ್‌ಎಸ್ (ಹಾರ್ಮೊನೈಸ್ಡ್ ಸಿಸ್ಟಮ್) ಪದ್ಧತಿ. ಮೊದಲ ಆರು ಅಂಕಿ ಎಲ್ಲ ದೇಶಕ್ಕೂ ಒಂದೇ, ಕೊನೆಯ ಎರಡನ್ನು ಸೇರಿಸುವುದು ಭಾರತ. ಮೈಕ್ರೋವೇವ್ ಓವನ್‌ನ 85165000 ತೆಗೆದುಕೊಳ್ಳಿ: 85 ಅಧ್ಯಾಯ, 8516 ಶೀರ್ಷಿಕೆ, 851650 ಉಪಶೀರ್ಷಿಕೆ.

ಮೊದಲು ಕೇಳಿಕೊಳ್ಳಿ: ಇದು ಬ್ಯಾಗೇಜೇ?

ಡೊಂಬಿವಲಿ, ಮುಲುಂಡ್ ಕಡೆಯ ನಮ್ಮವರು ಗಲ್ಫ್ ಬಿಟ್ಟು ಬರುವಾಗ ಮಾಡುವ ದೊಡ್ಡ ತಪ್ಪು ಇಲ್ಲೇ. ಒಂದೊಂದು ಪಾತ್ರೆಗೂ ಕೋಡ್ ಹುಡುಕಿಕೊಂಡು ರಾತ್ರಿಯಿಡೀ ಕೂರುತ್ತಾರೆ. ಪ್ರಯಾಣಿಕರ ಬ್ಯಾಗೇಜಿನಲ್ಲಿ ಬರುವ, ಸುಂಕ ಕಟ್ಟಬೇಕಾದ ಸಾಮಾನಿಗೆಲ್ಲ ಒಂದೇ ಶೀರ್ಷಿಕೆ, 9803. ಬೇರೆ ಅಧ್ಯಾಯದಲ್ಲಿ ಇನ್ನೂ ಕರಾರುವಾಕ್ಕಾದ ಶೀರ್ಷಿಕೆ ಇದ್ದರೂ 98ನೆಯ ಅಧ್ಯಾಯದ್ದೇ ಮೇಲುಗೈ ಎಂದು ಆ ಅಧ್ಯಾಯದ ಮೊದಲ ಟಿಪ್ಪಣಿಯೇ ಹೇಳುತ್ತದೆ. ಎಷ್ಟರವರೆಗೆ ಸುಂಕವಿಲ್ಲ ಎಂಬುದನ್ನು ಬ್ಯಾಗೇಜ್ ನಿಯಮ ಹೇಳುತ್ತದೆ. ಅದು ಬದಲಾಗುತ್ತಿರುತ್ತದೆ, ಟಿಕೆಟ್ ಮಾಡಿಸುವ ವಾರವೇ ನೋಡಿಕೊಳ್ಳಿ.

ಸ್ವಂತ ಬಳಕೆಗೆ ಅಂಚೆಯಲ್ಲೋ ವಿಮಾನದಲ್ಲೋ ತರಿಸಿದರೆ 9804. ಹಡಗಿನಲ್ಲಿ ಬಂದದ್ದಕ್ಕೆ ಇದು ಸಿಗದು. ಇವೆರಡಕ್ಕೂ ಸೇರದಿದ್ದರೆ, ಅಂದರೆ ಅಂಗಡಿಗೋ ಹೋಟೆಲಿಗೋ ತರಿಸುವ ಸರಕಾದರೆ, ಮುಂದೆ ಓದಿ.

ವಸ್ತುವಿನ ಜಾತಕ ಬರೆಯಿರಿ

ಏನದು, ಯಾವುದರಿಂದ ಮಾಡಿದ್ದು, ಏನು ಕೆಲಸ ಮಾಡುತ್ತದೆ, ಕರೆಂಟಿನದೇ, ತೂಕ ಎಷ್ಟು, ಬಿಡಿಯೋ ಸೆಟ್ಟೋ. ಒಂದು ಸಾಲು ಸಾಕು. ‘ಸ್ಟೇನ್‌ಲೆಸ್ ಸ್ಟೀಲ್ ಬಟ್ಟಲು, ಊಟದ್ದು, 48 ಬಿಡಿ’ ಎಂದು ಬರೆದಿದ್ದರೆ ಆ ಹದಿನಾಲ್ಕು ಪೆಟ್ಟಿಗೆ ಪೂರಾ ತೆರೆಯುವ ಪ್ರಮೇಯ ಬಹುಶಃ ಬರುತ್ತಿರಲಿಲ್ಲ. ಮಾರಿದವನ ಇನ್‌ವಾಯ್ಸ್‌ನಲ್ಲಿರುವ ಕೋಡನ್ನು ಕಣ್ಣುಮುಚ್ಚಿ ನಕಲು ಮಾಡಬೇಡಿ. ಅವನ ಎಂಟನೆಯ ಅಂಕಿಗೂ ನಮ್ಮದಕ್ಕೂ ಸಂಬಂಧವಿಲ್ಲ, ಆರನೆಯದೂ ಎಷ್ಟೋ ಸಲ ಅಂದಾಜಿನದು.

ಶೀರ್ಷಿಕೆಗಿಂತ ಮೊದಲು ಟಿಪ್ಪಣಿ

ವರ್ಗೀಕರಣಕ್ಕೆ ಆರು ಸಾಮಾನ್ಯ ನಿಯಮಗಳಿವೆ. ಮೊದಲನೆಯದೇ ಮುಖ್ಯ: ಅಧ್ಯಾಯದ ಹೆಸರು ಬರೀ ಗುರುತಿಗೆ. ತೀರ್ಮಾನ ಆಗುವುದು ಶೀರ್ಷಿಕೆಯ ಮಾತು ಮತ್ತು ವಿಭಾಗ, ಅಧ್ಯಾಯಗಳ ಟಿಪ್ಪಣಿಗಳ ಮೇಲೆ. ಟಿಪ್ಪಣಿ ಓದದೆ ಕೋಡ್ ಹಾಕುವವರೇ ಹೆಚ್ಚು. ನಾನೂ ವರ್ಷಗಟ್ಟಲೆ ಹಾಗೇ ಹಾಕಿದ್ದೇನೆ.

ಒಂದು ಹಿತ್ತಾಳೆಯ ಕಾಲುದೀಪ ನೋಡಿ. ಹಿತ್ತಾಳೆಯಲ್ಲಿ ತಾಮ್ರದ ತೂಕ ಹೆಚ್ಚು, ಹಾಗಾಗಿ ಅದು ತಾಮ್ರದ 74ನೆಯ ಅಧ್ಯಾಯ, ಮನೆಬಳಕೆಯದು, 7418 ಅನಿಸುತ್ತದೆ. ಚೆಂದಕ್ಕಿಡುವ ಲೋಹದ ವಿಗ್ರಹ, ಅಲಂಕಾರದ ಸಾಮಾನಿನ 8306ರ ಕಡೆಗೂ ಕೈ ಹೋಗುತ್ತದೆ. ಆದರೆ 72ರಿಂದ 83ರವರೆಗಿನ ಲೋಹದ ಅಧ್ಯಾಯಗಳಿಗೆಲ್ಲ ಸೇರಿ ಒಂದು ವಿಭಾಗ ಟಿಪ್ಪಣಿ ಇದೆ. 94ನೆಯ ಅಧ್ಯಾಯದ ಪೀಠೋಪಕರಣ, ದೀಪ ಇತ್ಯಾದಿ ಇಲ್ಲಿಗೆ ಸೇರುವುದಿಲ್ಲ ಎಂದು ಅದು ಹೇಳುತ್ತದೆ. ಎಣ್ಣೆ ಹಾಕಿ ಬತ್ತಿ ಹಚ್ಚುವ ದೀಪ ದೀಪವೇ, ಅದರ ಜಾಗ 9405. ಪಕ್ಕದಲ್ಲಿಟ್ಟ ಹಿತ್ತಾಳೆ ಗಣಪತಿ ಮಾತ್ರ 8306ಕ್ಕೆ ಹೋಗುತ್ತಾನೆ. ಒಂದೇ ದೇವರಕೋಣೆ, ಎರಡು ಅಧ್ಯಾಯ.

ಮನೆಯದೋ ಹೋಟೆಲಿನದೋ?

ಮುಂಬೈನ ಉಡುಪಿ ಹೋಟೆಲಿನವರಿಗೆ ಇದನ್ನು ಬಿಡಿಸಿ ಹೇಳಲೇಬೇಕು. 8509 ಎಂದರೆ ಮನೆಬಳಕೆಯ ಕರೆಂಟಿನ ಯಂತ್ರ. ಅಲ್ಲಿ 20 ಕಿಲೋ ಮಿತಿಯಿದೆ ಎಂದು ಹಲವರಿಗೆ ಗೊತ್ತು, ಆದರೆ ಹಿಟ್ಟು ರುಬ್ಬುವ ಯಂತ್ರ, ಮಿಕ್ಸರ್, ರಸ ತೆಗೆಯುವ ಯಂತ್ರಗಳಿಗೆ ಆ ಮಿತಿ ಇಲ್ಲ, ಎಷ್ಟೇ ತೂಗಲಿ. ಮನೆಯ ಟಿಲ್ಟಿಂಗ್ ಗ್ರೈಂಡರ್ 25 ಕಿಲೋ ಇದ್ದರೂ 8509ರಲ್ಲೇ. ಹೋಟೆಲಿನಲ್ಲಿ ದಿನಕ್ಕೆ ಮಣಗಟ್ಟಲೆ ರುಬ್ಬುವಂಥದ್ದು ಮನೆಬಳಕೆಯ ಬಗೆಯೇ ಅಲ್ಲ, 8438ರ ಕಡೆ ನೋಡಬೇಕು. ಕಾಫಿ ಯಂತ್ರಕ್ಕೂ ಇದೇ ಮಾತು: ಮನೆಯ ಬಗೆಯದು 8516, ಕೌಂಟರಿನ ದೊಡ್ಡದು 8419.

ಇಲ್ಲಿ ಒಂದು ಸೂಕ್ಷ್ಮ ಇದೆ. ಕೇಳುವುದು ‘ಯಾವ ಬಗೆಯದು’ ಎಂದು, ‘ಯಾರು ಬಳಸುತ್ತಾರೆ’ ಎಂದಲ್ಲ. ಮನೆಯ ಕೆಟಲ್ ಒಂದನ್ನು ಹೋಟೆಲಿನ ಗಲ್ಲಾಪೆಟ್ಟಿಗೆ ಪಕ್ಕ ಇಟ್ಟುಕೊಂಡರೂ ಅದು 8516ರಲ್ಲೇ. ಇಂಥದೇ ಜಗಳ ಕೇಂದ್ರ ಅಬಕಾರಿ ಸುಂಕದಲ್ಲಿ ಕೊಬ್ಬರಿ ಎಣ್ಣೆಗೂ ಆಗಿತ್ತು. ಅಡುಗೆಗೋ ತಲೆಗೋ ಎಂದು ವರ್ಷಗಟ್ಟಲೆ ಎಳೆದಾಡಿ 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ಸಣ್ಣ ಪ್ಯಾಕಿನಲ್ಲಿದೆ ಎಂಬ ಮಾತ್ರಕ್ಕೆ ಅದು ಕೂದಲೆಣ್ಣೆ ಆಗುವುದಿಲ್ಲ.

ಸೆಟ್ಟು, ಬಿಚ್ಚಿದ ಮಂಚ

ಪಿಂಗಾಣಿ ಕಪ್ಪು, ಸ್ಟೀಲ್ ಚಮಚ, ಮರದ ತಟ್ಟೆ ಒಂದೇ ಡಬ್ಬದಲ್ಲಿ ಚಹಾ ಸೆಟ್ಟಾಗಿ ಮಾರಾಟಕ್ಕಿದ್ದರೆ ಮೂರನೆಯ ನಿಯಮ ಬರುತ್ತದೆ. ಸೆಟ್ಟಿಗೆ ಮುಖ್ಯ ಗುಣ ಕೊಡುವ ವಸ್ತುವಿನ ಕೋಡೇ ಇಡೀ ಸೆಟ್ಟಿಗೆ. ಇಲ್ಲಿ ಅದು ಕಪ್ಪು, ಹಾಗಾಗಿ 6911. ನೀವೇ ಜಾಗ ಉಳಿಸಲು ತುರುಕಿದ್ದರೆ ಅದು ಸೆಟ್ಟಲ್ಲ, ಬೇರೆ ಬೇರೆ ಸಾಲು ಬರೆಯಬೇಕು. ಬಿಚ್ಚಿ ತಂದ ಮಂಚ ಎರಡನೆಯ ನಿಯಮದಂತೆ ಮಂಚವೇ, 9403. ಹಲಗೆ ಎಂದು ಬರೆದು ಜಾಣತನ ತೋರಬೇಡಿ. ಹಾಸಿಗೆ ಮಾತ್ರ ಬೇರೆ, 9404.

ಲೆಕ್ಕ

ಎಂಟು ಅಂಕಿ ಸಿಕ್ಕಿದ ಮೇಲೆ ದರ ನೋಡಿ. ಮೌಲ್ಯ ಎಂದರೆ ಸಾಮಾನಿನ ಬೆಲೆಯ ಜೊತೆ ಸಾಗಣೆ, ವಿಮೆ ಎರಡೂ. ಉದಾಹರಣೆಗೆ ಮೌಲ್ಯ 10,000 ರೂಪಾಯಿ, ಮೂಲ ಸುಂಕ ಶೇ 20 ಎಂದಿಟ್ಟುಕೊಳ್ಳಿ: 2,000. ಅದರ ಮೇಲೆ ಶೇ 10 ಸಮಾಜ ಕಲ್ಯಾಣ ಸರ್ಚಾರ್ಜ್, 200. ಒಟ್ಟು 12,200ರ ಮೇಲೆ ಶೇ 18 ಐಜಿಎಸ್‌ಟಿ (ಆಮದಿನ ಮೇಲೆ ಬೀಳುವ ಜಿಎಸ್‌ಟಿ) ಆದರೆ 2,196. ಕಟ್ಟಬೇಕಾದದ್ದು 4,396. ಸರ್ಚಾರ್ಜ್ ಮೌಲ್ಯದ ಮೇಲಲ್ಲ, ಮೂಲ ಸುಂಕದ ಮೇಲೆ, ಎಡವುವುದು ಇಲ್ಲೇ.

ಸುಂಕ ಒಂದೇ ಅಲ್ಲ. ಪ್ರೆಶರ್ ಕುಕ್ಕರಿಗೂ ಆಟಿಕೆಗೂ ಗುಣಮಟ್ಟ ನಿಯಂತ್ರಣ ಆದೇಶ ಇದೆ. ವ್ಯಾಪಾರಕ್ಕೆ ತರಿಸಿದರೆ ಐಎಸ್‌ಐ ಗುರುತು ಬೇಕು, ಸುಂಕ ಕಟ್ಟಿದರೂ ಅದಿಲ್ಲದೆ ಬಿಡುವುದಿಲ್ಲ.

ಅಧಿಕಾರಿ ಒಪ್ಪದಿದ್ದರೆ

2011ರಿಂದ ಸ್ವಯಂ ನಿರ್ಧಾರಣೆ, ಅಂದರೆ ಬಿಲ್ ಆಫ್ ಎಂಟ್ರಿಯಲ್ಲಿ (ಕಸ್ಟಮ್ಸ್‌ಗೆ ಕೊಡುವ ಆಮದು ಘೋಷಣೆಯಲ್ಲಿ) ಕೋಡ್ ಹಾಕುವ ಹೊಣೆ ನಿಮ್ಮದೇ. ಒಂದೇ ಸರಕನ್ನು ಮತ್ತೆ ಮತ್ತೆ ತರಿಸುವವರು ಮುಂಬೈನಲ್ಲೇ ಇರುವ ಕಸ್ಟಮ್ಸ್ ಮುಂಗಡ ತೀರ್ಪಿನ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು. ಮೂರು ತಿಂಗಳಲ್ಲಿ ಉತ್ತರ ಕೊಡಬೇಕೆಂದು ಕಾಯ್ದೆಯಲ್ಲಿದೆ. ಸಾಮಾನು ಬಂದ ಮೇಲೆ ಅಧಿಕಾರಿ ಕೋಡ್ ಬದಲಿಸಿದಾಗ, ಒಪ್ಪಿಗೆಯಿದೆ ಎಂದು ನೀವು ಬರೆದುಕೊಡದಿದ್ದರೆ, ಕಾರಣ ಸಹಿತ ಆದೇಶವನ್ನು 15 ದಿನದಲ್ಲಿ ಕೊಡಬೇಕು. ಕೇಳಿ ಪಡೆಯಿರಿ. ಅದು ಕೈಸೇರಿದ 60 ದಿನದೊಳಗೆ ಅಪೀಲು. ತಕರಾರು ಬೇಗ ಮುಗಿಯದಿದ್ದರೆ ತಾತ್ಕಾಲಿಕ ನಿರ್ಧಾರಣೆಗೆ, ಅಂದರೆ ಸುಂಕವನ್ನು ಸದ್ಯಕ್ಕೆ ನಿಗದಿ ಮಾಡಿ ಆಮೇಲೆ ಅಂತಿಮಗೊಳಿಸುವುದಕ್ಕೆ, ಮನವಿ ಕೊಡಿ. ಅವರು ಒಪ್ಪಿದರೆ, ವ್ಯತ್ಯಾಸ ಬಂದರೆ ಕಟ್ಟುತ್ತೇನೆಂಬ ಬಾಂಡ್ ಬರೆದುಕೊಟ್ಟು ಸಾಮಾನು ಬಿಡಿಸಿಕೊಳ್ಳಬಹುದು. ಕೋಡಿನ ಜಗಳ ಫೈಲಿನಲ್ಲಿ ನಡೆಯುತ್ತಿರಲಿ, ಗೋದಾಮಿನ ಮೀಟರ್ ಓಡುವುದಂತೂ ನಿಲ್ಲುತ್ತದೆ.