ವಿ.ವಿ. ಗ್ರಂಥಾಲಯದಲ್ಲಿ ‘ಇಲ್ಲ’ ಎಂದ ಪುಸ್ತಕವನ್ನು ಹುಡುಕುವುದು ಹೇಗೆ?

ಎಂ.ಎ., ಪಿಎಚ್‌.ಡಿ.ಗೆ ಹೊಸದಾಗಿ ಸೇರಿದವರು ಗ್ರಂಥಾಲಯದ ಕಂಪ್ಯೂಟರ್ ಮುಂದೆ ಕೂತು ಬೇಕಾದ ಪುಸ್ತಕದ ಹೆಸರು ಹೊಡೆಯುತ್ತಾರೆ. ಏನೂ ಸಿಗಲಿಲ್ಲ ಅಂತ ಪರದೆ ಹೇಳಿದ ಕೂಡಲೇ ಎದ್ದು ಹೋಗುತ್ತಾರೆ. ಇಂಗ್ಲಿಷ್ ಪುಸ್ತಕವಾದರೆ ಆ ಮಾತನ್ನು ಬಹುಮಟ್ಟಿಗೆ ನಂಬಬಹುದು. ಕನ್ನಡ ಪುಸ್ತಕದ ವಿಷಯದಲ್ಲಿ ಒಂದೇ ಸಲಕ್ಕೆ ನಂಬಬಾರದು. ಪುಸ್ತಕ ರ‍್ಯಾಕಿನಲ್ಲೇ ಇರುತ್ತದೆ, ಕ್ಯಾಟಲಾಗಿನಲ್ಲಿ ಅದರ ಹೆಸರು ನೀವು ಹೊಡೆದ ಹಾಗೆ ಇರುವುದಿಲ್ಲ, ಅಷ್ಟೆ.

ಡ್ರಾಯರ್‌ಗಳಲ್ಲಿದ್ದ ಪುಸ್ತಕದ ವಿವರದ ಕಾರ್ಡುಗಳು ಕಂಪ್ಯೂಟರಿಗೆ ಏರಿದ ಕಾಲದಲ್ಲಿ ಕನ್ನಡ ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆಗಿರುವ ಅಕ್ಷರ ಸಂಕೇತ) ಎಲ್ಲ ಕಡೆ ಬಳಕೆಗೆ ಬಂದಿರಲಿಲ್ಲ. ಹಾಗಾಗಿ ಒಂದೇ ಗ್ರಂಥಾಲಯದಲ್ಲಿ ಕೆಲವು ಪುಸ್ತಕಗಳ ಹೆಸರು ಇಂಗ್ಲಿಷ್ ಅಕ್ಷರದಲ್ಲಿರಬಹುದು, ಕೆಲವು ಹಳೆಯ ಫಾಂಟಿನಲ್ಲಿ ಸೇರಿ ಈಗ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣಬಹುದು, ಈಚಿನವು ಮಾತ್ರ ಸರಿಯಾದ ಕನ್ನಡದಲ್ಲಿರಬಹುದು. ಆದ್ದರಿಂದ ಈ ಕ್ರಮದಲ್ಲಿ ಹುಡುಕಿ.

ಮೊದಲು ಕನ್ನಡ ಲಿಪಿಯಲ್ಲಿ. ಪೂರ್ತಿ ಶೀರ್ಷಿಕೆ ಬೇಡ, ಅದರಲ್ಲಿರುವ ಅಪರೂಪದ ಒಂದು ಪದ ಸಾಕು. ‘ಕನ್ನಡ’, ‘ಸಾಹಿತ್ಯ’, ‘ಅಧ್ಯಯನ’ ಹೊಡೆದರೆ ಸಾವಿರಾರು ಬಂದು ಬೀಳುತ್ತವೆ. ವಿಭಕ್ತಿಯ ಕಡೆ ಗಮನವಿರಲಿ: ‘ಹಬ್ಬಗಳು’ ಅಂತ ಹುಡುಕಿದರೆ ‘ಹಬ್ಬಗಳ’ ಎಂದಿರುವ ಶೀರ್ಷಿಕೆ ತಪ್ಪಿಹೋಗಬಹುದು. ಕೋಹಾ ಎಂಬ ಗ್ರಂಥಾಲಯ ತಂತ್ರಾಂಶವಿರುವ ಕಡೆ ‘ಹಬ್ಬ’ ಎಂದು ಹೊಡೆದು ಕೊನೆಗೆ ನಕ್ಷತ್ರ ಚಿಹ್ನೆ ಹಾಕಿ ನೋಡಿ. ವೆಬ್‌ಸೈಟಿನಿಂದ ಪದವನ್ನು ಕಾಪಿ ಮಾಡಿ ತಂದು ಅಂಟಿಸಬೇಡಿ. ಅರ್ಕಾವತ್ತು, ಒತ್ತಕ್ಷರಗಳ ನಡುವೆ ಕಣ್ಣಿಗೆ ಕಾಣದ ಜೋಡಣೆಯ ಚಿಹ್ನೆ ಸೇರಿಕೊಂಡಿರಬಹುದು. ನೋಡಲು ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಕೈಯಿಂದಲೇ ಟೈಪ್ ಮಾಡಿ.

ಆಮೇಲೆ ಇಂಗ್ಲಿಷ್ ಅಕ್ಷರದಲ್ಲಿ. ಇಲ್ಲಿ ಒಂದು ಪದಕ್ಕೆ ಹಲವು ರೂಪ. ‘ಶಾಸನ’ವನ್ನೇ ತೆಗೆದುಕೊಳ್ಳಿ: ಬರೀ ಎಸ್‌ನಿಂದ ಶುರುವಾಗಬಹುದು, ಎಸ್‌ಎಚ್‌ನಿಂದಲೂ ಆಗಬಹುದು. ದೀರ್ಘಕ್ಕೆ ಒಂದು ಎ ಇರಬಹುದು, ಎರಡೂ ಇರಬಹುದು. ಅಲ್ಲಿಗೆ ನಾಲ್ಕು ರೂಪವಾಯಿತು. ‘ತ’ಕಾರ ಟಿ ಅಥವಾ ಟಿಎಚ್, ‘ಚ’ಕಾರ ಸಿ ಅಥವಾ ಸಿಎಚ್. ‘ಶಾಸನ’ದ ನಾಲ್ಕು ರೂಪವನ್ನೂ ಹೊಡೆಯಲು ಎರಡು ನಿಮಿಷ ಸಾಕು.

ಮೂರನೆಯದು ಲೇಖಕರ ಹೆಸರು. ಕಾವ್ಯನಾಮದಲ್ಲಿ ಸಿಗದಿದ್ದರೆ ನಿಜನಾಮದಲ್ಲಿ ನೋಡಿ: ಕುವೆಂಪು ಇಲ್ಲದಿದ್ದರೆ ಪುಟ್ಟಪ್ಪ, ಅಂಬಿಕಾತನಯದತ್ತ ಇಲ್ಲದಿದ್ದರೆ ಬೇಂದ್ರೆ, ಶ್ರೀರಂಗ ಇಲ್ಲದಿದ್ದರೆ ಆದ್ಯ ರಂಗಾಚಾರ್ಯ. ಇನಿಷಿಯಲ್ ಹೊಡೆಯಲೇಬೇಡಿ. ಚುಕ್ಕಿ ಇಟ್ಟು, ಬಿಟ್ಟು, ಜಾಗ ಬಿಟ್ಟು ಒಬ್ಬೊಬ್ಬರು ಒಂದೊಂದು ಥರ ಸೇರಿಸಿರುತ್ತಾರೆ.

ಇಷ್ಟಾದರೂ ಸಿಗದಿದ್ದರೆ ಕೌಂಟರಿನಲ್ಲಿ ಎರಡು ಪ್ರಶ್ನೆ ಕೇಳಿ. ಹಳೆಯ ಕಾರ್ಡುಗಳು ಇನ್ನೂ ಇವೆಯೇ? ವಿಭಾಗದ ಗ್ರಂಥಾಲಯದ ಪುಸ್ತಕಗಳು ಇದೇ ಕ್ಯಾಟಲಾಗಿನಲ್ಲಿ ಸೇರಿವೆಯೇ? ಮುಖ್ಯ ಗ್ರಂಥಾಲಯದಲ್ಲಿ ಇಲ್ಲದ್ದು ಕನ್ನಡ ವಿಭಾಗದ ಬೀರುವಿನಲ್ಲಿ ಇರುವುದುಂಟು.

ನಂಬರ್ ಸಿಕ್ಕಿತು, ಪುಸ್ತಕ ಸಿಗಲಿಲ್ಲ

ಕ್ಯಾಟಲಾಗಿನಲ್ಲಿ ಎರಡು ನಂಬರ್ ಕಾಣುತ್ತವೆ. ಆಕ್ಸೆಷನ್ ನಂಬರ್ ಆ ಒಂದು ಪ್ರತಿಯ ಗುರುತು. ರ‍್ಯಾಕಿನತ್ತ ಒಯ್ಯುವುದು ಕಾಲ್ ನಂಬರ್. ಎರಡನ್ನೂ ಬರೆದುಕೊಳ್ಳಿ, ಫೋಟೊ ತೆಗೆದರೆ ಇನ್ನೂ ಒಳ್ಳೆಯದು.

ಪುಸ್ತಕಗಳನ್ನು ವಿಷಯವಾರು ಸಂಖ್ಯೆ ಕೊಟ್ಟು ಜೋಡಿಸುವ ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ 494.814 ಕನ್ನಡ ಭಾಷೆ, 894.814 ಕನ್ನಡ ಸಾಹಿತ್ಯ. ಇದಕ್ಕೆ 1 ಸೇರಿದರೆ ಕಾವ್ಯ, 2 ಸೇರಿದರೆ ನಾಟಕ, 3 ಸೇರಿದರೆ ಕಥೆ, ಕಾದಂಬರಿ. ಕರ್ನಾಟಕದ ಇತಿಹಾಸ 954.87. ಅಕ್ಷರ, ಕೋಲನ್, ಕಾಮಾ ಬೆರೆತ ನಂಬರ್ ಕಂಡರೆ ಅದು ಗ್ರಂಥಾಲಯ ವಿಜ್ಞಾನಿ ಎಸ್‌.ಆರ್‌. ರಂಗನಾಥನ್ 1933ರಲ್ಲಿ ಹೊರತಂದ ಕೋಲನ್ ಪದ್ಧತಿ. ಅದರ ಕ್ರಮವೇ ಬೇರೆ, ಸಿಬ್ಬಂದಿಯನ್ನು ಕೇಳುವುದೇ ವಾಸಿ.

ಎಡವುವುದು ಚುಕ್ಕಿಯ ನಂತರ. ಕನ್ನಡ ಕಾದಂಬರಿ 894.8143, ತೆಲುಗು ಸಾಹಿತ್ಯ 894.827. ಎಂಟು ಸಾವಿರದ ಚಿಲ್ಲರೆ ಎಂಟುನೂರಕ್ಕಿಂತ ದೊಡ್ಡದು ಅಂದುಕೊಂಡು ತೆಲುಗನ್ನು ದಾಟಿ ಮುಂದೆ ಹುಡುಕುವವರು ಬಹಳ. ಒಂದೊಂದೇ ಅಂಕಿ ಓದಿ: 8 ಮತ್ತು 8 ಸಮ, ಆಮೇಲೆ 1 ಮತ್ತು 2. ಅಲ್ಲಿಗೆ ಕನ್ನಡ ಮೊದಲು, ತೆಲುಗು ಆಮೇಲೆ. ನಂಬರ್ ಒಂದೇ ಆದಾಗ ಅದರ ಕೆಳಗಿನ ಸಾಲಿನಲ್ಲಿರುವ ಲೇಖಕರ ಹೆಸರಿನ ಅಕ್ಷರಗಳ ಪ್ರಕಾರ ಜೋಡಿಸಿರುತ್ತಾರೆ.

ಜಾಗದಲ್ಲಿ ಪುಸ್ತಕವಿಲ್ಲವೇ? ಮೇಲಿನ, ಕೆಳಗಿನ ಹಲಗೆ ನೋಡಿ. ಸಾಲಿನ ಹಿಂದೆ ಕೈ ಹಾಕಿ, ಸಣ್ಣ ಪುಸ್ತಕ ಹಿಂದಕ್ಕೆ ಜಾರಿ ಬಿದ್ದಿರುತ್ತದೆ. ವಾಪಸ್ ಬಂದು ಇನ್ನೂ ಜೋಡಿಸದ ಪುಸ್ತಕಗಳ ಟ್ರಾಲಿ, ಓದುವ ಮೇಜುಗಳು, ಬೈಂಡಿಂಗ್‌ಗೆ ಕಟ್ಟಿಟ್ಟ ಗಂಟುಗಳನ್ನೂ ನೋಡಿ. ಕೊನೆಯದಾಗಿ 894ರ ಪುಸ್ತಕವನ್ನು 494ರಲ್ಲಿ ಹುಡುಕಿ. ಚೀಟಿ ಮಾಸಿದಾಗ ಈ ಎರಡು ಸಂಖ್ಯೆ ಅದಲುಬದಲಾಗುವುದು ಸುಲಭ.

ಓದಿದ ಪುಸ್ತಕವನ್ನು ನೀವೇ ರ‍್ಯಾಕಿಗೆ ಇಡಬೇಡಿ, ಮೇಜಿನ ಮೇಲೆ ಬಿಡಿ. ಒಂದು ಸಾಲು ತಪ್ಪಿ ಇಟ್ಟ ಪುಸ್ತಕ ಸ್ಟಾಕ್ ತಪಾಸಣೆಯವರೆಗೂ ಕಳೆದಂತೆಯೇ. ಆ ತಪಾಸಣೆಯೂ ಅಪರೂಪ: ಕೇಂದ್ರದ 2017ರ ಸಾಮಾನ್ಯ ಹಣಕಾಸು ನಿಯಮವೇ 50,000ಕ್ಕಿಂತ ಹೆಚ್ಚು ಪುಸ್ತಕವಿರುವ ಕಡೆ ಮೂರು ವರ್ಷದೊಳಗೊಮ್ಮೆ ಮಾದರಿ ತಪಾಸಣೆ ಸಾಕು ಎನ್ನುತ್ತದೆ.

ಜರ್ನಲ್, ಪ್ರಬಂಧ, ಹೋಲಿಕೆ ವರದಿ

2025ರ ಜನವರಿ 1ರಿಂದ ಕೇಂದ್ರ ಸರ್ಕಾರದ ಜರ್ನಲ್ ಚಂದಾ ಯೋಜನೆ ‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್’ ಜಾರಿಯಲ್ಲಿದೆ. 30 ಪ್ರಕಾಶಕರ ಸುಮಾರು 13,000 ಇ-ಜರ್ನಲ್‌ಗಳು ಸರ್ಕಾರಿ ವಿ.ವಿ., ಕಾಲೇಜುಗಳಿಗೆ ತೆರೆದಿವೆ. ಕ್ಯಾಂಪಸ್ ವೈಫೈಯಲ್ಲಿದ್ದರೆ ಪ್ರಕಾಶಕರ ಸೈಟು ನಿಮ್ಮನ್ನು ತಾನಾಗಿ ಗುರುತಿಸಬೇಕು. ಗುರುತಿಸದೆ ದುಡ್ಡು ಕೇಳಿದರೆ ಫೋನು ಮೊಬೈಲ್ ಡೇಟಾಕ್ಕೆ ಹಾರಿದೆಯಾ ನೋಡಿ. ಮನೆಯಿಂದಾದರೆ ವಿ.ವಿ. ಗ್ರಂಥಾಲಯಗಳ ಜಾಲ ನಡೆಸುವ ಕೇಂದ್ರವಾದ ಇನ್‌ಫ್ಲಿಬ್‌ನೆಟ್‌ನ ‘ಇನ್‌ಫೆಡ್’ ಮೂಲಕ ಹೋಗಬೇಕು. ಅದರ ಲಾಗಿನ್ ಕೊಡುವುದು ನಿಮ್ಮ ಗ್ರಂಥಾಲಯ. ಪ್ರಕಾಶಕರ ಸೈಟಿನಲ್ಲಿ ನೀವೇ ಖಾತೆ ತೆರೆದುಕೊಂಡರೆ ಲೇಖನ ತೆರೆಯುವುದಿಲ್ಲ. ಸಂಸ್ಥೆಯ ಮೂಲಕ ಲಾಗಿನ್ ಆಗುವ ಕೊಂಡಿ ಒತ್ತಿ ನಿಮ್ಮ ವಿ.ವಿ. ಹೆಸರು ಆರಿಸಿ.

ಪಿಎಚ್‌.ಡಿ. ಪ್ರಬಂಧಗಳಿಗೆ ಶೋಧಗಂಗಾ ಎಂಬ ವೆಬ್‌ಸೈಟ್. ಇಲ್ಲಿಯೂ ಕನ್ನಡ ಪ್ರಬಂಧಗಳ ಪಾಡು ಕ್ಯಾಟಲಾಗಿನದೇ. ಹಲವು ಪಿಡಿಎಫ್‌ಗಳು ಸ್ಕ್ಯಾನ್ ಮಾಡಿದ ಚಿತ್ರ ಅಥವಾ ನುಡಿ ಫಾಂಟಿನವು, ಒಳಗಿನ ಪದ ಹುಡುಕಾಟಕ್ಕೆ ಸಿಗುವುದಿಲ್ಲ. ವಿಶ್ವವಿದ್ಯಾಲಯ, ಅದರೊಳಗೆ ವಿಭಾಗ ಆರಿಸಿ ಪಟ್ಟಿಯನ್ನೇ ಕಣ್ಣಾಡಿಸಿ. ಅಧ್ಯಾಯಗಳು ಬೇರೆ ಬೇರೆ ಫೈಲುಗಳಲ್ಲಿರುತ್ತವೆ. ಮೊದಲು ಪರಿವಿಡಿಯನ್ನೂ ಕೊನೆಯ ಅಧ್ಯಾಯವನ್ನೂ ಇಳಿಸಿಕೊಂಡು ನೋಡಿ, ಬೇಕೆನಿಸಿದರೆ ಉಳಿದದ್ದು.

ನಿಮ್ಮ ಪ್ರಬಂಧವನ್ನು ಹೋಲಿಕೆ ತಪಾಸಣೆಗೆ (ಬೇರೆಯವರ ಬರಹದಿಂದ ನಕಲಾಗಿದೆಯೇ ಎಂದು ನೋಡುವ ಪರೀಕ್ಷೆಗೆ) ಕೊಡುವ ಮೊದಲು ನುಡಿ, ಬರಹದ ಹಳೆಯ ಫಾಂಟಿನಲ್ಲಿದ್ದರೆ ಯೂನಿಕೋಡಿಗೆ ಪರಿವರ್ತಿಸಿ. ಹಾಗೇ ಕೊಟ್ಟರೆ ತಂತ್ರಾಂಶಕ್ಕೆ ಕಾಣುವುದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಯುಜಿಸಿಯ 2018ರ ನಿಯಮದಂತೆ ಶೇ 10ರವರೆಗಿನ ಹೋಲಿಕೆಗೆ ದಂಡವಿಲ್ಲ. 10ರಿಂದ 40ರೊಳಗಿದ್ದರೆ ಗರಿಷ್ಠ ಆರು ತಿಂಗಳಲ್ಲಿ ತಿದ್ದಿ ಕೊಡಬೇಕು, 60ರವರೆಗೆ ಹೋದರೆ ಒಂದು ವರ್ಷ ಸಲ್ಲಿಸುವಂತಿಲ್ಲ, ಅದನ್ನೂ ಮೀರಿದರೆ ನೋಂದಣಿಯೇ ರದ್ದು. ಮೂಲ ಹೇಳಿ ಕೊಟ್ಟ ಉದ್ಧರಣೆ, ಗ್ರಂಥಋಣ, ಪರಿವಿಡಿ, ಕೃತಜ್ಞತೆ ಲೆಕ್ಕಕ್ಕಿಲ್ಲ. ಹಾಗೆಯೇ ಸತತ 14 ಪದಗಳವರೆಗಿನ ಆಕಸ್ಮಿಕ ಹೋಲಿಕೆ ಕೂಡ. ವರದಿಯಲ್ಲಿ ಶೇಕಡಾವಾರು ವಿಪರೀತ ಕಂಡರೆ ಇವನ್ನು ಹೊರಗಿಟ್ಟಿದ್ದಾರೆಯೇ ಎಂದು ಮೊದಲು ವಿಚಾರಿಸಿ. ವಚನ, ಶಾಸನಗಳ ಮೇಲೆ ಬರೆದವರಿಗಂತೂ ಇದು ಬೇಕೇ ಬೇಕು, ಪುಟ ತುಂಬ ಉದ್ಧರಣೆಯೇ ಇರುತ್ತದಲ್ಲ.

ಉಳಿದ ಸಣ್ಣಪುಟ್ಟವು

ಪುಸ್ತಕ ಪ್ರದರ್ಶನ ನಡೆದಾಗ ತಪ್ಪಿಸಬೇಡಿ. ಅದು ನೋಡುವುದಕ್ಕಷ್ಟೇ ಅಲ್ಲ, ಮುಂದಿನ ಖರೀದಿಗೆ ಶಿಫಾರಸು ಕೊಡುವ ಹೊತ್ತು. ಶೀರ್ಷಿಕೆ, ಪ್ರಕಾಶಕರು, ವರ್ಷ, ಐಎಸ್‌ಬಿಎನ್ ಬರೆದು ಮೇಷ್ಟ್ರ ಸಹಿ ಹಾಕಿಸಿ ಕೊಟ್ಟರೆ ಚೀಟಿಗೆ ತೂಕ ಬರುತ್ತದೆ. ಆಗಸ್ಟ್ 12 ರಂಗನಾಥನ್ ಹುಟ್ಟಿದ ದಿನ, ಗ್ರಂಥಪಾಲಕರ ದಿನ. ಆ ಆಸುಪಾಸಿನಲ್ಲಿ ತರಬೇತಿ, ಉಪನ್ಯಾಸ ಇಟ್ಟುಕೊಳ್ಳುವ ರೂಢಿಯಿದೆ.

ಪುಸ್ತಕ ಕಳೆದುಹೋದರೆ ನೋ ಡ್ಯೂ ಪತ್ರಕ್ಕೆ ಓಡಾಡುವ ತನಕ ಕಾಯಬೇಡಿ, ತಿಳಿದ ದಿನವೇ ಬರೆದುಕೊಡಿ. ಫೈನ್ ಅಲ್ಲಿಗೆ ನಿಲ್ಲುವುದೇ ಎಂದು ಕೇಳಿ. ಅದೇ ಆವೃತ್ತಿ, ಇಲ್ಲವೇ ಅದಕ್ಕಿಂತ ಹೊಸದು ತಂದುಕೊಟ್ಟರೆ ಒಪ್ಪುತ್ತಾರೋ, ಬೆಲೆಯ ಇಷ್ಟು ಪಟ್ಟು ಕಟ್ಟಿ ಎನ್ನುತ್ತಾರೋ ತಿಳಿದುಕೊಂಡೇ ಅಂಗಡಿಗೆ ಹೋಗಿ. ಬದಲಿ ಪುಸ್ತಕ ಕೊಟ್ಟ ಮೇಲೆ ಹಳೆಯ ಆಕ್ಸೆಷನ್ ನಂಬರ್ ನಿಮ್ಮ ಖಾತೆಯಿಂದ ಇಳಿದದ್ದನ್ನು ಪರದೆಯ ಮೇಲೆ ಕಣ್ಣಾರೆ ನೋಡಿ, ರಸೀದಿ ತೆಗೆದುಕೊಂಡೇ ಕೌಂಟರ್ ಬಿಡಿ.